ಕಂಬಳಿ ಸೀಸನ್ನಿನ ಮೂರು ಹುಟ್ಟುಹಬ್ಬ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು, ಹತ್ತೂ ಐದಕ್ಕೆ ಮೇಸ್ತ್ರಿಯ ಪಿತ್ತ ನೆತ್ತಿಗೇರಿತ್ತು. ಅದೇನು ದೊಡ್ಡ ವಿಷಯ ಅಲ್ಲ ಬಿಡಿ, ಆಕೆಯ ಪಿತ್ತ ವಾರಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರುತ್ತದೆ. ಆದರೆ ಈ ಸಲ ಹೋದದ್ದು ಇಳಿಯಲಿಲ್ಲ.

ಫೋನ್ ಮಾಡಿದ್ದು ಮಗಳು. ಮೂರು ಮಕ್ಕಳಲ್ಲಿ ನಡುವಿನವಳು, ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಮಾತು ಕಮ್ಮಿ. ಹೇಳಿದ್ದು ಇಷ್ಟೇ. “ಅಮ್ಮ, ಭಾನುವಾರ ಹುಟ್ಟುಹಬ್ಬಕ್ಕೆ ಬರ್ತೀವಿ. ಆದ್ರೆ ಆ ಲಾಂಡ್ರಿ ಕತೆ ಈ ಸಲ ಹೇಳ್ಬೇಡ. ಹೇಳಿದ್ರೆ ಮಗೂನ ಕರ್ಕೊಂಡು ಎದ್ದು ಹೋಗ್ತೀನಿ. ಮುಂದಿನ ವರ್ಷದಿಂದ ಬರೋದೂ ಇಲ್ಲ.”

“ಯಾಕೆ, ಏನಾಯ್ತೀಗ?”

“ಬೇಡ ಅಂದ್ರೆ ಬೇಡ,” ಅಂದವಳೇ ಇಟ್ಟುಬಿಟ್ಟಳು.

ಮೇಸ್ತ್ರಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಕತೆ. ಅದಿಲ್ಲದೆ ಒಂದು ವರ್ಷವೂ ಕೇಕ್ ಕತ್ತರಿಸಿದ್ದಿಲ್ಲ. ಹೆತ್ತವಳ ಬಾಯಿಗೆ ಬೀಗ ಹಾಕುವುದಕ್ಕೆ ಇವಳು ಯಾರು? ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದ ಗಂಡನ ಹತ್ತಿರ ಹೋಗಿ ಅದನ್ನೇ ಕೇಳಿದಳು. ಆತ ಬದುಕಿಡೀ ಬೇರೆಯವರ ಗೋಡೆಗೆ ಬಣ್ಣ ಹೊಡೆದು, ನಿವೃತ್ತಿ ಆದಮೇಲೆ ಸ್ವಂತ ಮನೆಯ ಕಿಟಕಿಗೆ ಬಂದಿದ್ದ ಮನುಷ್ಯ. ಕುಂಚ ಎತ್ತದೆ, “ಬೇಡ ಅಂದ್ರೆ ಬಿಡು, ಬೇರೆ ಕತೆ ಹೇಳು” ಅಂದ. ಅವತ್ತು ಆತನಿಗೆ ಮಧ್ಯಾಹ್ನದ ಊಟ ತಣ್ಣಗೇ ಸಿಕ್ಕಿತು.

ಮೇಸ್ತ್ರಿ ಅಂದರೆ ಯಾರು ಅಂತ ಹೇಳಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಅದನ್ನು ಈಗ ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸುವುದಿಲ್ಲ. ಗಂಡ ಕೂಡ ಮೇಸ್ತ್ರಿ ಅಂತಲೇ ಕರೆಯುವುದು. ಇಪ್ಪತ್ತರ ವಯಸ್ಸಿಗೆ ಪೇಟೆಯ ದೊಡ್ಡ ಲಾಂಡ್ರಿಗೆ ಸೇರಿದಳು. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಹೊದಿಕೆ, ಮನೆಮಂದಿಯ ಕೋಟು, ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಬಂದ ಬಟ್ಟೆಯನ್ನು ಒಂದೊಂದಾಗಿ ಬಿಚ್ಚಿ ಎಣಿಸಿ ಬರೆದುಕೊಳ್ಳುವ ಪದ್ಧತಿ. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಇವಳು ಬಂದು ಎರಡನೇ ವರ್ಷಕ್ಕೆ ಯಜಮಾನನಿಗೆ ಹೇಳಿದಳು: ಹತ್ತು ಹತ್ತರ ಗಂಟು ಕಟ್ಟಿಸಿ, ಪ್ರತಿ ಗಂಟಿಗೂ ಒಂದು ಕೆಂಪು ಪಟ್ಟಿ. ಆಮೇಲೆ ಪಟ್ಟಿ ಎಣಿಸಿದರೆ ಸಾಕು, ಗಂಟು ಬಿಚ್ಚಬೇಕಾಗಿಲ್ಲ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಯಜಮಾನ ಅವತ್ತೇ ಆಕೆಯನ್ನು ಎಣಿಕೆ ಕಟ್ಟೆಗೆ ಮೇಸ್ತ್ರಿ ಮಾಡಿದ. ನಲವತ್ತು ವರ್ಷ ಆ ಕಟ್ಟೆಯ ಹಿಂದೆ ನಿಂತಳು. ಅವಳ ಎಣಿಕೆ ತಪ್ಪಿತು ಅಂತ ಹೇಳುವ ಧೈರ್ಯ ಯಾವ ಹೋಟೆಲಿನವನಿಗೂ ಬರಲಿಲ್ಲ.

ಮಕ್ಕಳಾಗಿದ್ದು ಮಾತ್ರ ಎಡವಟ್ಟು ಹೊತ್ತಿನಲ್ಲಿ. ಚಳಿ ಬಿಟ್ಟು ಮರ ಚಿಗುರುವ ಮೂರು ವಾರ ಲಾಂಡ್ರಿಯಲ್ಲಿ ಕಂಬಳಿ ಸೀಸನ್. ಊರಿಗೆ ಊರೇ ಚಳಿಗಾಲದ ಕಂಬಳಿ ಹೊತ್ತುಕೊಂಡು ಬಂದು ಕಟ್ಟೆಯ ಮೇಲೆ ಎಸೆಯುತ್ತದೆ. ಸರಿಯಾಗಿ ಆ ಮೂರು ವಾರದೊಳಗೇ ಮೂರೂ ಮಕ್ಕಳು ಹುಟ್ಟಿದ್ದು, ಬೇರೆ ಬೇರೆ ವರ್ಷದಲ್ಲಿ. ಮೂರನೆಯದಕ್ಕೆ ಯಜಮಾನ, “ನಿನಗೆ ವರ್ಷದಲ್ಲಿ ಬೇರೆ ತಿಂಗಳೇ ಸಿಗಲ್ವಾ?” ಅಂತ ಕೇಳಿದ. “ತಿಂಗಳು ನೋಡ್ಕೊಂಡು ಹೆರೋದಕ್ಕೆ ನಾನೇನು ನಿಮ್ಮ ಮೆಷಿನ್ನಾ?” ಅಂತ ಇವಳು ಅಂದಳು. ಮೂರು ದಿನ ರಜಾ ಕೇಳಿದರೆ ಕೆಲಸ ಹೋಗುತ್ತಿತ್ತು. ಹಾಗಾಗಿ ಮೂವರದ್ದೂ ಸೇರಿಸಿ ಒಂದೇ ಭಾನುವಾರ, ಒಂದೇ ಕೇಕ್.

ಕಷ್ಟವೇನೋ ಹೌದು, ಆದರೆ ಆ ವರ್ಷಗಳ ನೆನಪು ಬಂದರೆ ಮೇಸ್ತ್ರಿಯ ಮುಖ ತಾನಾಗಿ ಸಡಿಲವಾಗುತ್ತದೆ. ಮಕ್ಕಳು ಬೆಳೆದದ್ದೇ ಲಾಂಡ್ರಿಯ ಬಟ್ಟೆಬುಟ್ಟಿಗಳಲ್ಲಿ. ಒಣಗಿಸುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ಹಾಸಿಗೆ ಬಟ್ಟೆಯ ಮೇಲೆ ಮಲಗಿಸಿದರೆ ಎರಡೇ ನಿಮಿಷ, ಗೊರಕೆ. ದೊಡ್ಡವನು ಒಂದು ಸಲ ಸೋಪಿನ ಪುಡಿ ತಿಂದು ಇಡೀ ದಿನ ಬಿಕ್ಕಳಿಸಿದ. ಅವನೇ ಈಗ ಬೇಕರಿ ಇಟ್ಟಿದ್ದಾನೆ, ತಿನ್ನುವುದರಲ್ಲಿ ಆಗಲೇ ಅವನಿಗೆ ಆಸಕ್ತಿ. ಕಿರಿಯವನು ಯಂತ್ರ ನಿಂತರೆ ಎಚ್ಚರ, ತಿರುಗಿದರೆ ನಿದ್ದೆ. ನಡುವಿನವಳು ಮಾತ್ರ ಸದ್ದೇ ಇಲ್ಲದ ಮಗು. ಬುಟ್ಟಿಯಲ್ಲಿದ್ದಾಳೋ ಇಲ್ಲವೋ ಅಂತ ಬಗ್ಗಿ ನೋಡಬೇಕಾಗಿತ್ತು. ಕಳೆದುಹೋಗಬಾರದು ಅಂತ ಮೂವರ ಅಂಗಿಯ ಕೊರಳಪಟ್ಟಿಗೂ ಲಾಂಡ್ರಿಯ ಗುರುತಿನ ಚೀಟಿ ಹೊಲಿದಿದ್ದಳು, ಒಂದು, ಎರಡು, ಮೂರು ಅಂತ.

ಕತೆ ಬರುವುದು ಅಲ್ಲಿಂದಲೇ. ಮೇಸ್ತ್ರಿ ಅದನ್ನು ಹೇಳುವ ಧಾಟಿ ಹೀಗೆ. ನಡುವಿನವಳಿಗೆ ಆರು ತುಂಬಿದ ವರ್ಷ ಹುಟ್ಟುಹಬ್ಬ ಪಾರ್ಕಿನಲ್ಲಿ. ಓಣಿಯ ಮಕ್ಕಳೆಲ್ಲ ಬಂದಿದ್ದವು. ಈ ಮಹಾರಾಯಿತಿ ಯಾವುದೋ ನಾಯಿಮರಿಯ ಹಿಂದೆ ಹೋಗಿ ಗೇಟು ದಾಟಿಬಿಟ್ಟಳು. ಗೇಟಿನ ಕಾವಲಿನವನು ಹಿಡಿದು ನಿನ್ನ ಮನೆ ಎಲ್ಲಿ ಅಂದರೆ ಬಾಯಿ ಬಿಡಲಿಲ್ಲ. ಆತ ಕೊರಳಪಟ್ಟಿ ತಿರುಗಿಸಿ ನೋಡಿದ, ಲಾಂಡ್ರಿಯ ಗುರುತು, ನಂಬರ್ ಎರಡು. ಬುದ್ಧಿವಂತ ನೋಡಿ, ಸೀದಾ ಲಾಂಡ್ರಿಗೆ ತಂದುಕೊಟ್ಟ. ಭಾನುವಾರ, ಬಾಯ್ಲರ್ ನೋಡಿಕೊಳ್ಳುವ ಅಜ್ಜ ಒಬ್ಬನೇ ಇದ್ದ. ಆತ ಮಗುವನ್ನು ಎತ್ತಿ, ಯಾರೂ ಬಿಡಿಸಿಕೊಂಡು ಹೋಗದ ಬಟ್ಟೆಗಳ ಕಪಾಟಿನ ಹಲಗೆಯ ಮೇಲೆ ಕೂರಿಸಿದ. “ಚೀಟಿ ತಂದವರಿಗೇ ಮಾಲು, ಗೊತ್ತಾಯ್ತಾ?” ಅಂತ ತಮಾಷೆ ಮಾಡಿ ಬಾಯ್ಲರ್ ಹತ್ತಿರ ಹೋದ. ಅರ್ಧ ಗಂಟೆ ಕೂಡ ಆಗಿರಲಿಲ್ಲ, ಮೇಸ್ತ್ರಿ ಗೇಟಿನಲ್ಲಿ ವಿಚಾರಿಸಿಕೊಂಡು ಏದುಸಿರು ಬಿಡುತ್ತ ಓಡಿಬಂದಳು. ಮಗಳು ಕೋಟುಗಳ ನಡುವೆ ಕಾಲು ಮಡಚಿ ಕೂತಿದ್ದಾಳೆ. ಅಮ್ಮನನ್ನು ನೋಡಿ ಅಳಲಿಲ್ಲ, ನಗಲಿಲ್ಲ. “ಚೀಟಿ ತಂದಿದ್ದೀಯಾ?” ಅಂದಳು.

ಇಲ್ಲಿಗೆ ಬಂದಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಾರೆ. ಪ್ರತಿ ವರ್ಷ, ತಪ್ಪದೆ. ಇಂಥ ಕತೆಯನ್ನು ಹೇಳಬೇಡ ಅಂದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ?

ಬುಧವಾರ ಹೇಗೋ ಹಲ್ಲು ಕಚ್ಚಿಕೊಂಡು ಕಳೆದಳು. ಗುರುವಾರ ಮಧ್ಯಾಹ್ನ ಬಸ್ಸು ಹತ್ತಿ ಹಲ್ಲಿನ ಆಸ್ಪತ್ರೆಗೇ ಹೋದಳು. ಕಾಯುವ ಕೋಣೆಯಲ್ಲಿ ಕೆನ್ನೆ ಹಿಡಿದುಕೊಂಡು ನಾಲ್ಕು ಮಂದಿ ಕೂತಿದ್ದರು. ಮಗಳು ಕೈಗವಸು ಕಳಚುತ್ತ ಹೊರಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಜಗಳ ಶುರುವಾದದ್ದು ಪಿಸುದನಿಯಲ್ಲಿ.

“ನನ್ನ ಮನೆಯಲ್ಲಿ ನಾನೇನು ಹೇಳ್ಬೇಕು ಅಂತ ನಿನ್ನ ಪರ್ಮಿಷನ್ ಕೇಳ್ಬೇಕಾ?”

“ನನ್ನ ವಿಷಯ ಹೇಳೋದಾದ್ರೆ ಕೇಳ್ಬೇಕು.”

“ಎಲ್ಲರೂ ಪ್ರೀತಿಯಿಂದ ನಗೋದು ಕಣೇ. ಅದರಲ್ಲಿ ನಿನ್ನ ಗಂಟೇನು ಹೋಯ್ತು?”

ಮಗಳು ಕೈಗವಸನ್ನು ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡಿದಳು. “ಹೋದ ವರ್ಷ ನಿಮ್ಮನೆಯಿಂದ ವಾಪಸ್ ಹೋಗ್ತಾ ಬಸ್ಸಲ್ಲಿ ಮಗು ನನ್ನ ನೋಡಿ ನಕ್ಕಳು. ‘ಅಮ್ಮ, ನಿನ್ನ ಯಾರೂ ಬಿಡಿಸ್ಕೊಂಡು ಹೋಗ್ಲಿಲ್ವಂತೆ’ ಅಂದಳು. ಈಗಲೂ ಬೈದಾಗೆಲ್ಲ ಅದನ್ನೇ ಅಂತಾಳೆ. ನೀವೆಲ್ಲ ನಗೋದನ್ನ ಸಹಿಸ್ಕೊಂಡಿದ್ದೆ. ನನ್ನ ಮಗಳೂ ನಗೋದನ್ನ ಸಹಿಸಕ್ಕಾಗಲ್ಲ.”

“ಮಕ್ಕಳಾಟ ಅದು.”

“ಅರ್ಧ ಗಂಟೆ ಅಂತೀಯಲ್ಲ ಯಾವಾಗಲೂ. ಅರ್ಧ ಗಂಟೆ ಅಲ್ಲಮ್ಮ ಅದು. ಕಪಾಟಿನ ಎದುರಿಗೇ ಗಡಿಯಾರ ಇತ್ತು. ನಾನು ಬಂದಾಗ ಹನ್ನೊಂದೂವರೆ. ನೀನು ಬಂದಾಗ ಮೂರೂ ಮುಕ್ಕಾಲು.”

ನಲವತ್ತು ವರ್ಷ ಕಟ್ಟೆಯ ಹಿಂದೆ ನಿಂತು ದೂರು ತಂದವರ ಬಾಯಿ ಮುಚ್ಚಿಸಿದ ಮೇಸ್ತ್ರಿಯ ನಾಲಿಗೆ, ಯಾರನ್ನೂ ಕೇಳದೆ ಉತ್ತರ ಕೊಟ್ಟುಬಿಟ್ಟಿತು. “ಆರು ವರ್ಷದ ಮಗು ನೀನು. ನಿನಗಾಗ ಗಡಿಯಾರ ನೋಡೋಕೆ ಎಲ್ಲಿ ಬರ್ತಿತ್ತು?”

ಮಗಳು ಅವಳ ಮುಖ ನೋಡಿದಳು. “ಇರಬಹುದು,” ಅಂದಳು ಕೊನೆಗೆ. “ನನಗೂ ಒಂದೊಂದು ಸಲ ಹಾಗೇ ಅನ್ಸುತ್ತೆ.” ಒಳಗಿಂದ ಡಾಕ್ಟರು ಕರೆದರು, ಎದ್ದು ಹೋದಳು.

ಗೆದ್ದೆ ಅಂತ ಮೇಸ್ತ್ರಿ ಬಸ್ಸು ಹತ್ತಿದಳು. ಮೂರನೇ ಸ್ಟಾಪು ಬರುವಷ್ಟರಲ್ಲಿ ಕಂಡಕ್ಟರನ ಮೇಲೆ ರೇಗಿದ್ದಳು, ಪಕ್ಕದವಳ ಚೀಲವನ್ನು ಮೊಣಕೈಯಿಂದ ತಳ್ಳಿದ್ದಳು, ಕಿಟಕಿಯ ಹೊರಗೆ ಚಿಗುರೊಡೆದು ನಿಂತಿದ್ದ ಪಾಪದ ಮರಗಳನ್ನೂ ಕೆಕ್ಕರಿಸಿ ನೋಡಿದ್ದಳು. ಗೆದ್ದವರಿಗೆ ಇಷ್ಟು ಕೋಪ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಯಾಕೆಂದರೆ ಮಗಳಿಗೆ ಗಡಿಯಾರ ನೋಡುವುದನ್ನು ಕಲಿಸಿದ್ದೇ ಅವಳು. ಆ ಹುಟ್ಟುಹಬ್ಬದ ಹಿಂದಿನ ಚಳಿಗಾಲದಲ್ಲಿ, ಲಾಂಡ್ರಿಯ ಅದೇ ಗೋಡೆ ಗಡಿಯಾರದ ಕೆಳಗೆ. ಹುಡುಗಿ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು, ಕಾಲು, ಅರೆ, ಮುಕ್ಕಾಲು ಅಂತ ಹದಿನೈದೇ ದಿನದಲ್ಲಿ ಕಲಿತುಬಿಟ್ಟಿತ್ತು. ಬಾಯಿಯೇ ಬಿಡದ ಮಗು ಅದೊಂದಕ್ಕೆ ಮಾತ್ರ ಗಂಟಲು ತೆರೆಯುತ್ತಿತ್ತು. ಕೆಲಸದವರೆಲ್ಲ ಬೇಕಂತಲೇ, “ಟೈಮೆಷ್ಟು ಪುಟ್ಟಿ?” ಅಂತ ಕೂಗುವರು. ಅದು ಗಂಭೀರವಾಗಿ, “ಒಂದೂ ಮುಕ್ಕಾಲು, ಊಟ ಮುಗೀತು, ಏಳಿ” ಅನ್ನುವುದು. ಒಂದು ದಿನವೂ ತಪ್ಪಿದ್ದಿಲ್ಲ. ಮೇಸ್ತ್ರಿ ಅದನ್ನು ನೋಡಿ ಎಷ್ಟು ಹಿಗ್ಗಿದ್ದಳು ಅಂದರೆ, ನನ್ನ ಕಟ್ಟೆಗೆ ನನ್ನ ಮಗಳೇ ಬರುತ್ತಾಳೆ ಅಂತ ಯಜಮಾನನಿಗೇ ಹೇಳಿಕೊಂಡಿದ್ದಳು.

ಇನ್ನೂ ಒಂದು ವಿಷಯ ಅವಳಿಗೆ ಗೊತ್ತಿತ್ತು. ಅದನ್ನು ಮೂವತ್ತು ವರ್ಷ ಯಾರ ಹತ್ತಿರವೂ ಆಡಿರಲಿಲ್ಲ. ಆ ಭಾನುವಾರಕ್ಕೆ ಮುಂಚೆ ಹನ್ನೆರಡು ದಿನ ಬಿಡುವಿಲ್ಲದೆ ಕಂಬಳಿ ಎಣಿಸಿದ್ದಳು. ಪಾರ್ಕಿನಲ್ಲಿ ಇಪ್ಪತ್ತು ಮಕ್ಕಳ ನಡುವೆ ತನ್ನ ಮೂರನ್ನು ಹುಡುಕುತ್ತ ಕೂರುವ ಶಕ್ತಿ ಇರಲಿಲ್ಲ. ಅದಕ್ಕೆ ಲಾಂಡ್ರಿಯ ಉಪಾಯವನ್ನೇ ಹೂಡಿದಳು. ಮೂವರ ತಲೆಗೂ ಒಂದೊಂದು ಕೆಂಪು ಕಾಗದದ ಟೋಪಿ ಇಟ್ಟು, ಕಂಬಳಿ ಹಾಸಿ ಕೂತು, ಆಗಾಗ ತಲೆಯೆತ್ತಿ ಕೆಂಪು ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಏಳೆಂಟು ಸಲ ಎಣಿಸಿದಳು, ಏಳೆಂಟು ಸಲವೂ ಸರಿ ಬಂತು. ಕೇಕ್ ಕತ್ತರಿಸುವುದಕ್ಕೆ ಕರೆದಾಗ ಎರಡನೇ ಟೋಪಿಯ ಕೆಳಗೆ ಪಕ್ಕದ ಮನೆಯ ಹುಡುಗಿ ನಿಂತಿತ್ತು. “ಅವಳು ಬೆಳಿಗ್ಗೇನೇ ನಂಗೆ ಕೊಟ್ಟು ಹೋದಳು” ಅಂತ ನಿರುಮ್ಮಳವಾಗಿ ಹೇಳಿತು.

ಶುಕ್ರವಾರ, ಶನಿವಾರ ಮೇಸ್ತ್ರಿ ಮನೆಯನ್ನು ತಲೆಕೆಳಗು ಮಾಡಿ ಒರೆಸಿದಳು. ಒರೆಸುತ್ತ ಒರೆಸುತ್ತ ಒಬ್ಬಳೇ ಬೈದಳು. ಮಗಳನ್ನು ಬೈದಳು, ಟೋಪಿ ಯಾಕೆ ಕೊಟ್ಟೆ ಅಂತ. ಸತ್ತು ಯಾವ ಕಾಲವೋ ಆದ ಬಾಯ್ಲರ್ ಅಜ್ಜನನ್ನು ಬೈದಳು, ಮಗೂನ ಕೂರಿಸಿಕೊಂಡು ಒಂದು ಮಾತು ಯಾರಿಗಾದರೂ ಹೇಳಿಕಳಿಸಬಾರದಿತ್ತಾ ಅಂತ. ಗಂಡನಿಗಂತೂ ಪಾಲು ಜಾಸ್ತಿಯೇ ಬಂತು. ಅವತ್ತು ಆತ ಮರದ ಕೆಳಗೆ ಪೇಪರು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಅವನನ್ನು ಇದುವರೆಗೆ ಒಬ್ಬರಾದರೂ ಕೇಳಿದ್ದಾರಾ? ನಿದ್ದೆ ಮಾಡಿದವನಿಗೆ ಕತೆ ಇಲ್ಲ, ಎಣಿಸುತ್ತ ಕೂತವಳಿಗೆ ಮಾತ್ರ ಕತೆ. ಆ ಕೋಪ ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯವಾದ ಕೋಪವೆಲ್ಲ ಖರ್ಚಾದ ಮೇಲೂ ಕೋಪ ಉಳಿದಿತ್ತು, ಅದು ತನ್ನ ಮೇಲಿನದು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಸರಿ, ನಾನು ಬಾಯಿ ಬಿಡುವುದಿಲ್ಲ. ಯಾರಾದರೂ ಕೇಳಿದರೆ ಗಂಟಲು ನೋವು ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ಭಾನುವಾರ ಎಲ್ಲರೂ ಬಂದರು. ದೊಡ್ಡ ಮಗ, ಬೇಕರಿಯವನು, ಮೂರಂತಸ್ತಿನ ಕೇಕನ್ನು ಎರಡು ಕೈಯಲ್ಲಿ ಹೊತ್ತು ತಂದ. ಕಿರಿಯವನಿಗೆ ಮದುವೆಯಾಗಿ ಎರಡು ತಿಂಗಳಾಗಿತ್ತು, ಹೊಸ ಹೆಂಡತಿಯನ್ನು ಕರೆತಂದ. ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಳು. ಅಳಿಯನಿಗೆ ಭಾನುವಾರವೂ ಕೆಲಸ. ಕಿಟಕಿಗಳೆಲ್ಲ ತೆರೆದಿದ್ದವು, ಹೊಸ ಬಣ್ಣದ ವಾಸನೆ, ಹೊರಗೆ ಎಳೆ ಬಿಸಿಲು. ಮೊಮ್ಮಗಳಿಗೆ ಏಳು ವರ್ಷ, ಕೇಕಿನ ಕೆನೆಯನ್ನು ಮೂಗಿಗೂ ತಿನ್ನಿಸುತ್ತಿದ್ದಳು.

ತಟ್ಟೆಗಳು ಖಾಲಿಯಾದವು. ಬೇಕರಿಯವನು ಕುರ್ಚಿ ಹಿಂದಕ್ಕೆ ತಳ್ಳಿ, “ಹೂಂ, ಅಮ್ಮ, ಶುರು ಮಾಡು” ಅಂದ.

“ಗಂಟಲು ನೋವು.”

“ಬೆಳಿಗ್ಗೆಯಿಂದ ಅಪ್ಪನ್ನ ಬೈತಿದ್ದೆ, ಆಗ ಇರ್ಲಿಲ್ವಾ?”

ಹೊಸ ಸೊಸೆ ನಕ್ಕಳು. “ಹೇಳಿ ಅತ್ತೆ, ಇವರು ಅರ್ಧ ಹೇಳಿ ಬಿಟ್ಟಿದ್ದಾರೆ. ಪೂರ್ತಿ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ.”

ಮೇಸ್ತ್ರಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ತಲೆ ಎತ್ತಲಿಲ್ಲ. ಹಾಗಿದ್ದರೆ ನಾನೇ ಹೇಳ್ತೀನಿ ಅಂತ ಬೇಕರಿಯವನು ಎದ್ದು ನಿಂತು ಶುರು ಮಾಡಿಯೇಬಿಟ್ಟ. ನಾಯಿಮರಿ ಬಂತು, ಕಾವಲಿನವನು ಬಂದ, ಕೊರಳಪಟ್ಟಿ ತಿರುಗಿಸಿದ್ದಾಯಿತು. ಅಮ್ಮ ಎಲ್ಲಿ ನಿಲ್ಲಿಸುತ್ತಾಳೋ ಅಲ್ಲೇ ನಿಲ್ಲಿಸಿದ, ಎಲ್ಲಿ ಹುಬ್ಬು ಏರಿಸುತ್ತಾಳೋ ಅಲ್ಲೇ ಏರಿಸಿದ. ಕತೆಯನ್ನು ಹೇಳುವ ಬದಲು ಕೇಳುತ್ತ ಕೂತದ್ದು ಮೇಸ್ತ್ರಿಗೆ ಇದೇ ಮೊದಲು. “ಅರ್ಧ ಗಂಟೆ, ಬರೀ ಅರ್ಧ ಗಂಟೆ ಕಣ್ರೀ, ಅಷ್ಟರಲ್ಲಿ ಅಮ್ಮ ಹಾಜರ್” ಅಂತ ಅವನು ಅಂದ. ಮೊಮ್ಮಗಳು ತಡೆಯಲಾರದೆ ಕಿಸಕ್ಕನೆ ನಕ್ಕು ತನ್ನ ಅಮ್ಮನ ಕಡೆ ಬೆರಳು ತೋರಿಸಿದಳು.

ಮಗಳು ಬಗ್ಗಿ ಚಪ್ಪಲಿಗೆ ಕೈ ಹಾಕಿದ್ದಳು. ಸಿಟ್ಟಿನಿಂದಲ್ಲ. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಇದು ಹೀಗೇ ಅಂತ ಒಪ್ಪಿಕೊಂಡ ಮುಖ.

“ಸಾಕು, ಬಾಯಿ ಮುಚ್ಚು,” ಅಂದಳು ಮೇಸ್ತ್ರಿ. ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮೇಲಿನದು ಎರಡು ಹೋಳಾಯಿತು. “ಸುಳ್ಳು ಅದು. ನಾನು ಹೇಳಿದ ಸುಳ್ಳು, ನೀನು ಗಿಣಿ ಹಾಗೆ ಒದರ್ತಿದ್ದೀಯ.”

ಬೇಕರಿಯವನು ನಗುವನ್ನು ಎಲ್ಲಿಡಬೇಕೋ ತಿಳಿಯದೆ ನಿಂತ. ಮೇಸ್ತ್ರಿ ಅವನ ಕಡೆ ನೋಡಲೂ ಇಲ್ಲ, ಮೊಮ್ಮಗಳ ಕಡೆ ತಿರುಗಿದಳು. ದನಿ ಇನ್ನೂ ಜಗಳದ್ದೇ. ಅವಳಿಗೆ ಬೇರೆ ದನಿ ಗೊತ್ತಿರಲಿಲ್ಲ.

“ಏಯ್, ಕೇಳಿಲ್ಲಿ. ನಿಮ್ಮಮ್ಮ ಅಲ್ಲಿ ಕೂತಿದ್ದು ಅರ್ಧ ಗಂಟೆ ಅಲ್ಲ, ನಾಲ್ಕೂಕಾಲು ಗಂಟೆ. ನಾನು ಓಡಿ ಬರ್ಲಿಲ್ಲ ಯಾಕಂದ್ರೆ ಅವಳು ಇಲ್ಲ ಅಂತಲೇ ನನಗೆ ಗೊತ್ತಾಗ್ಲಿಲ್ಲ. ಮಕ್ಕಳ ಮುಖ ನೋಡೋದು ಬಿಟ್ಟು ಟೋಪಿ ಎಣಿಸ್ತಾ ಕೂತಿದ್ದೆ. ಟೋಪಿ ಸರಿ ಇತ್ತು. ಅದರ ಕೆಳಗೆ ಇದ್ದಿದ್ದು ಬೇರೆಯವರ ಮಗು.”

ಗಂಡ ಗಂಟಲು ಸರಿಮಾಡಿಕೊಂಡ. “ಅದು ಹಾಗಲ್ಲ ಮೇಸ್ತ್ರಿ, ಆಗ ಕೆಲಸ ಅಷ್ಟಿತ್ತು ನಿನಗೆ...”

“ನೀನು ಮಲಗಿದ್ದೆ. ಈಗಲೂ ಸುಮ್ಮನಿರು.” ಮತ್ತೆ ಮೊಮ್ಮಗಳಿಗೆ: “ಇನ್ನೊಂದು ಕೇಳು. ನಿಮ್ಮಮ್ಮನಿಗೆ ಆಗಲೇ ಗಡಿಯಾರ ನೋಡೋಕೆ ಬರ್ತಿತ್ತು. ಚೆನ್ನಾಗಿ ಬರ್ತಿತ್ತು. ನಾನೇ ಕಲಿಸಿದ್ದು. ಮೊನ್ನೆ ಅವಳ ಮುಖಕ್ಕೆ ಬರ್ತಿರ್ಲಿಲ್ಲ ಅಂತ ಹೇಳಿ ಬಂದೆ. ಅದೂ ಸುಳ್ಳು.”

ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ನಿನಗೆ ಯಾವಾಗ ಗೊತ್ತಾಯ್ತು?” ಅಂತ ಕೇಳಿದಳು.

“ಕೇಕ್ ಕತ್ತರಿಸುವಾಗ.”

“ಕೇಕ್ ಇಲ್ದೇ ಇದ್ದಿದ್ರೆ?”

ಮೇಸ್ತ್ರಿ ಒಡೆದ ತಟ್ಟೆಯ ಎರಡು ಹೋಳನ್ನೂ ಪಕ್ಕಕ್ಕೆ ಸರಿಸಿದಳು.

ಮಗಳ ದನಿ ಏರತೊಡಗಿತು. “ಮೂವತ್ತು ವರ್ಷ ಅಮ್ಮ. ನನ್ನ ಲೆಕ್ಕವೇ ತಪ್ಪು ಅಂತ ನಂಬಿದ್ದೆ. ಅರ್ಧ ಗಂಟೆ ಕೂರಿಸಿದ್ದಕ್ಕೆ ಇಷ್ಟು ನೋವು ಇಟ್ಕೊಂಡಿದ್ದೀನಲ್ಲ, ನಾನೆಂಥ ಹೆಂಗಸು ಅಂತ ನನ್ನನ್ನೇ ಬೈಕೊಂಡಿದ್ದೆ. ಪ್ರತಿ ವರ್ಷ ಇಲ್ಲಿ ಬಂದು ನಿಮ್ಮ ಜೊತೆ ನಾನೂ ನಗ್ತಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಗಿಸ್ತಿದ್ದೆ.” ಕೊನೆಯ ಮಾತು ಕಿರುಚಾಟವೇ ಆಗಿತ್ತು. ಆ ಮನೆಯಲ್ಲಿ ಮೇಸ್ತ್ರಿಯ ಮೇಲೆ ದನಿ ಎತ್ತಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಮೊಮ್ಮಗಳು ನಗು ಮರೆತು ಅಮ್ಮನ ಪಕ್ಕ ಹೋಗಿ ನಿಂತಳು. ಕಿರಿಯವನು ಹೆಂಡತಿಯ ಕೈ ಮುಟ್ಟಿ, ನಾವು ಸ್ವಲ್ಪ ಹೊರಗೆ ಹೋಗೋಣ ಅನ್ನುವ ಹಾಗೆ ಎದ್ದ. ಬೇಕರಿಯವನೂ ಒಡೆದ ತಟ್ಟೆ ಎತ್ತುವ ನೆಪದಲ್ಲಿ ಅಡುಗೆಮನೆಯ ಕಡೆ ಹೆಜ್ಜೆ ಇಟ್ಟ.

“ಎಲ್ಲಿಗೆ? ಕೂತ್ಕೊಳ್ಳಿ ಎಲ್ಲರೂ,” ಅಂದಳು ಮೇಸ್ತ್ರಿ. “ನಾನು ಹೇಳುವಾಗ ಕೂತು ಕೇಳಿದ್ರಲ್ಲ. ಅವಳು ಹೇಳಿ ಮುಗಿಸೋವರೆಗೂ ಯಾರೂ ಏಳಬೇಡಿ.” ತಾನೂ ಕುರ್ಚಿ ಎಳೆದುಕೊಂಡು ಮಗಳ ಎದುರಿಗೆ ಕೂತಳು.

ಮಗಳು ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗೆ ಹಾಕಿದಳು. ಅಮ್ಮನ ಮೇಲಿಟ್ಟ ಕಣ್ಣು ತೆಗೆಯದೆ, ಹನ್ನೊಂದೂವರೆಯಿಂದ ಶುರು ಮಾಡಿದಳು.